‘ಅಪರಾಧ ಮತ್ತು ಶಿಕ್ಷೆ’ಯನ್ನು ಮೆಟ್ಟಿಲ ಮೇಲೆ ಹಾಡಿಸುವುದು: ಪ್ರೇಕ್ಷಕರು ನಡೆದು ನೋಡುವ ಸಂಗೀತ ನಾಟಕಕ್ಕೆ ಸಮಗ್ರ ಮಾರ್ಗದರ್ಶಿ

ರಷ್ಯನ್ ಕಾದಂಬರಿಯೊಂದನ್ನು ರಂಗಕ್ಕೆ ತರಲು ಹೊರಟವರು ಮೊದಲು ಅದನ್ನು ಸಂಭಾಷಣೆಯಾಗಿ ಒಡೆಯಲು ಕೂರುತ್ತಾರೆ. ಪ್ರೇಕ್ಷಕರು ಕಟ್ಟಡದೊಳಗೆ ನಡೆಯುತ್ತ ನೋಡುವ ನಾಟಕಕ್ಕೆ ಈ ಕ್ರಮ ತಲೆಕೆಳಗು. ಇಲ್ಲಿ ಮೊದಲು ನಿಕ್ಕಿಯಾಗಬೇಕಾದದ್ದು ಮೆಟ್ಟಿಲು ಮತ್ತು ಬಾಗಿಲು, ಎರಡನೆಯದು ಸಂಗೀತ. ಮಾತು ಬರೆಯುವುದು ಕೊನೆಗೆ.

ದಾಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ (1866) ಈ ಕ್ರಮಕ್ಕೆ ತಾನಾಗಿಯೇ ಒಗ್ಗುತ್ತದೆ. ಓದು ಬಿಟ್ಟ ಬಡ ವಿದ್ಯಾರ್ಥಿ ರಾಸ್ಕೋಲ್ನಿಕೋವ್‌ನ ಗೂಡಿನಂಥ ಕೋಣೆಯಿಂದ, ಅವನು ಕೊಡಲಿಯಿಂದ ಕೊಲ್ಲುವ ಅಡವಿನ ಮುದುಕಿಯ ಮನೆಗೆ ಸರಿಯಾಗಿ 730 ಹೆಜ್ಜೆ. ಅವನ ಕೋಣೆಯ ಉದ್ದ ಆರು ಹೆಜ್ಜೆ, ಮುದುಕಿಯ ಮನೆ ನಾಲ್ಕನೆಯ ಅಂತಸ್ತಿನಲ್ಲಿ, ಅವಳ ಬಾಗಿಲ ಗಂಟೆಯದು ತಗಡಿನ ಸದ್ದು. ಅವನು ತಪ್ಪೊಪ್ಪಿಕೊಳ್ಳುವುದು ಸೋನ್ಯಾಳ ಮುಂದೆ; ಅವಳ ಕೋಣೆ ಸೊಟ್ಟ ಚೌಕ, ಕಾಲುವೆಯ ಕಡೆಗೆ ಮೂರು ಕಿಟಕಿ. ಹೀಗೆ ಅಳತೆ ಕೊಟ್ಟು ಬರೆದ ಕಾದಂಬರಿಗಳು ಕಡಿಮೆ. ಪೀಟರ್ಸ್‌ಬರ್ಗ್‌ನ ಸೆನ್ನಾಯಾ ಚೌಕದ ಸುತ್ತ ಈ ವಿಳಾಸಗಳನ್ನು ಇಂದಿಗೂ ತೋರಿಸುತ್ತಾರೆ. ರಾಸ್ಕೋಲ್ನಿಕೋವ್‌ನ ಮನೆಯೆಂದು ಹೇಳುವುದು ಸ್ತೋಲ್ಯಾರ್ನಿ ಓಣಿಯ ಮೂಲೆಮನೆಯನ್ನು. ಅಲ್ಲಿ ಜನ ಸಂಸಾರ ಹೂಡಿದ್ದಾರೆ, ಮೆಟ್ಟಿಲಬಾಗಿಲಿಗೆ ಬೀಗವಿದೆ. ಆದ್ದರಿಂದ ಪೀಟರ್ಸ್‌ಬರ್ಗ್‌ನಲ್ಲೇ ಆಡಿದರೂ ಬೇರೆ ಕಟ್ಟಡವನ್ನೇ ಹುಡುಕಬೇಕು. ಕಥೆಯನ್ನು ಊರು ಬದಲಿಸಿ ಚಿಕ್ಕಪೇಟೆಗೆ ತರುವ ಅಗತ್ಯವಿಲ್ಲ. 1860ರ ದಶಕದ ಪೀಟರ್ಸ್‌ಬರ್ಗ್ ಆಗಿಯೇ ಇರಲಿ.

ಕನ್ನಡದ ಪ್ರೇಕ್ಷಕರಿಗೆ ಎದ್ದು ನಡೆದು ನಾಟಕ ನೋಡುವುದು ಹೊಸದೇನಲ್ಲ. ‘ಮಲೆಗಳಲ್ಲಿ ಮದುಮಗಳು’ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಹಂಸಲೇಖರ ಸಂಗೀತದೊಂದಿಗೆ ಇರುಳಿಡೀ ಆಡಿದಾಗ, ಜನ ಒಂದು ರಂಗಸ್ಥಳದಿಂದ ಇನ್ನೊಂದಕ್ಕೆ ಕಂಬಳಿ ಹೊದ್ದು ಹೋಗುತ್ತಿದ್ದರು. ಅದು ಬಯಲು. ಇಲ್ಲಿ ಹೇಳುತ್ತಿರುವುದು ಇಕ್ಕಟ್ಟಿನ ಕಟ್ಟಡದ ಕೆಲಸ, ಕಷ್ಟಗಳೂ ಬೇರೆ ಬಗೆಯವು.

ಎಷ್ಟು ಕಥೆ, ಎಷ್ಟು ಜನ

ಆರು ಭಾಗ ಮತ್ತು ಉಪಸಂಹಾರವನ್ನು ಪೂರ್ತಿ ಆಡಲು ಹೋಗಬೇಡಿ. ಟಾಲ್‌ಸ್ಟಾಯ್‌ಯ ‘ಯುದ್ಧ ಮತ್ತು ಶಾಂತಿ’ಯಿಂದ ಹುಟ್ಟಿ, 2012ರಲ್ಲಿ ನ್ಯೂಯಾರ್ಕ್‌ನಲ್ಲಿ ಪ್ರೇಕ್ಷಕರ ಮೇಜುಗಳ ನಡುವೆಯೇ ಮೊದಲು ಆಡಿದ ಸಂಗೀತ ನಾಟಕ ಆ ಬೃಹತ್ ಕೃತಿಯ ಸುಮಾರು 70 ಪುಟಗಳನ್ನಷ್ಟೇ ತೆಗೆದುಕೊಂಡಿತ್ತು. ನಮ್ಮ ಕಾದಂಬರಿಯಲ್ಲಿ ಉಳಿಸಿಕೊಳ್ಳಬೇಕಾದದ್ದು: ಹೆಂಡದಂಗಡಿ, ಕೊಲೆಯ ಮೆಟ್ಟಿಲು, ಜ್ವರದ ದಿನಗಳು, ಸೋನ್ಯಾಳ ಕುಡುಕ ತಂದೆ ಮಾರ್ಮೆಲಾದೊವ್‌ನ ತಿಥಿಯೂಟ, ಸೋನ್ಯಾಳ ಮುಂದೆ ತಪ್ಪೊಪ್ಪಿಗೆ, ಮಾರ್ಮೆಲಾದೊವ್‌ನ ಹೆಂಡತಿ ಕತೆರೀನಾಳ ಬೀದಿಹಾಡು, ಸೆನ್ನಾಯಾ ಚೌಕ. ರಾಸ್ಕೋಲ್ನಿಕೋವ್‌ನ ತಂಗಿ ದೂನ್ಯಾಳ ಮದುವೆಯ ಎಳೆಯನ್ನು ತಾಯಿಯ ಪತ್ರದ ಒಂದು ಹಾಡಿನಲ್ಲಿ ಮುಗಿಸಬಹುದು. ತನಿಖಾಧಿಕಾರಿ ಪೊರ್ಫೀರಿಯ ವಿಚಾರಣೆಗಳನ್ನು ಬಿಡಲು ಮನಸ್ಸಾಗುವುದಿಲ್ಲ, ಆದರೂ ಮೂರರಲ್ಲಿ ಒಂದನ್ನಷ್ಟೇ ಇಟ್ಟುಕೊಳ್ಳಿ. ಅವು ಕುಳಿತು ಕೇಳಬೇಕಾದ ಮಾತಿನ ಕಾಳಗ. ನಿಂತ ಪ್ರೇಕ್ಷಕ ಹತ್ತು ನಿಮಿಷ ಕಳೆದರೆ ಮಾತು ಬಿಟ್ಟು ಗೋಡೆ ನೋಡುತ್ತಾನೆ.

ಪ್ರೇಕ್ಷಕರು 45 ಜನ, 15ರ ಮೂರು ಗುಂಪು. ನಟರು 14, ವಾದ್ಯದವರು 6, ದಾರಿ ತೋರಿಸುವವರು 8, ಬೆಳಕು-ಧ್ವನಿಗೆ 4. ಅಂದರೆ 45 ಜನರಿಗಾಗಿ 32 ಜನ ದುಡಿಯಬೇಕು. ಟಿಕೆಟ್ ಹಣದಿಂದಲೇ ಇದು ಗಿಟ್ಟುವುದಿಲ್ಲ. ಮೂರು ಪ್ರದರ್ಶನಕ್ಕೆ ಇಷ್ಟೆಲ್ಲ ಕಟ್ಟುವುದು ದಂಡ. ಕಟ್ಟಡ ಕನಿಷ್ಠ ಎರಡು ತಿಂಗಳು ಕೈಯಲ್ಲಿದ್ದು 15–20 ಪ್ರದರ್ಶನ ಸಾಧ್ಯವಾದರೆ ಮಾತ್ರ ಮುಂದುವರಿಯಿರಿ.

ಮುಖವಾಡ ತೊಟ್ಟು ಎಲ್ಲೆಂದರಲ್ಲಿ ಅಲೆಯುವ ಸ್ವಾತಂತ್ರ್ಯವನ್ನು ಪ್ರೇಕ್ಷಕರಿಗೆ ಕೊಡುವ ಪದ್ಧತಿ ಈ ಕಾದಂಬರಿಗೆ ಹೊಂದುವುದಿಲ್ಲ. ಕೊಲೆಯಾದ ಮೇಲೇ ಜ್ವರ ಬರಬೇಕು, ತಿಥಿಯಾದ ಮೇಲೇ ಒಪ್ಪಿಗೆ. ಈ ಸರಣಿ ಕೆಟ್ಟರೆ ಉಳಿಯುವುದು ಚೆಂದದ ಕೋಣೆಗಳ ಪ್ರದರ್ಶನ ಮಾತ್ರ. ಗುಂಪುಗಳನ್ನು ನಡೆಸಿಯೇ ಒಯ್ಯಬೇಕು.

ಕಟ್ಟಡ

ಬೇಕಾದದ್ದು ಸುತ್ತ ಕಟ್ಟಡವಿರುವ ಒಳಅಂಗಳ, ಅದಕ್ಕೊಂದು ಕಮಾನುಬಾಗಿಲು, ಮೂರು ಅಂತಸ್ತಾದರೂ ಇರುವ ತೆರೆದ ಮೆಟ್ಟಿಲ ಬಾವಿ (ಮೆಟ್ಟಿಲುಗಳ ನಡುವೆ ಕೆಳಗಿನಿಂದ ಮೇಲಿನವರೆಗೆ ತೆರೆದಿರುವ ಜಾಗ), 60 ಚದರ ಮೀಟರಿನ ಒಂದು ಹಜಾರ, ಒಂದಕ್ಕೊಂದು ಬಾಗಿಲಿರುವ ಎರಡು ಜೋಡಿ ಕೋಣೆ. ಹಳೆಯ ವಿದ್ಯಾರ್ಥಿನಿಲಯ, ಮುಚ್ಚಿದ ಗಿರಣಿಯ ಕಚೇರಿ, ಹಳೆಯ ಶಾಲೆ ಇಂಥವುಗಳಲ್ಲಿ ನೋಡಿ. ಎರಡು ಮೆಟ್ಟಿಲಸಾಲು ಇಲ್ಲದ ಕಟ್ಟಡವನ್ನು ಎಷ್ಟೇ ಸೊಗಸಾಗಿದ್ದರೂ ಬಿಡಿ. ಒಂದರಲ್ಲಿ ನಾಟಕ ನಡೆಯುವಾಗ ಇನ್ನೊಂದು ಖಾಲಿಯಿರಬೇಕು.

ಮೊದಲ ದಿನವೇ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆತನ್ನಿ. ಭಾರತೀಯ ಮಾನಕ ಐಎಸ್ 875ರ ಎರಡನೆಯ ಭಾಗದ ಪ್ರಕಾರ ವಾಸದ ಕೋಣೆಯ ನೆಲ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಹೊರೆಗೆ ಲೆಕ್ಕಹಾಕಿದ್ದು. ಕುರ್ಚಿಯಿಲ್ಲದೆ ಜನ ಸೇರುವ ಜಾಗಕ್ಕೆ 5 ಬೇಕು. ಒತ್ತಾಗಿ ನಿಂತರೆ ಒಂದು ಚದರ ಮೀಟರಿನಲ್ಲಿ ನಾಲ್ಕು ಜನ, 260 ಕಿಲೋ ಆಗಿಬಿಡುತ್ತದೆ. ಆದ್ದರಿಂದ ಮೇಲಂತಸ್ತುಗಳಲ್ಲಿ ಚದರ ಮೀಟರಿಗೆ ಇಬ್ಬರನ್ನು ಮೀರಬೇಡಿ. ಎಲ್ಲರೂ ಒಟ್ಟಿಗೆ ಕಾಲು ಬಡಿಯುವ ಕುಣಿತವಿದ್ದರೆ ನೆಲ ಅಂತಸ್ತಿಗೇ ಇಳಿಸಿ. ಮದರಾಸು ತಾರಸಿ (ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಹಳೆಯ ಛಾವಣಿ), ಮರದ ತೊಲೆಯ ಮಾಳಿಗೆಗಳು ಯಾವ ಲೆಕ್ಕಕ್ಕೂ ಸಿಕ್ಕಿರುವುದಿಲ್ಲ. ಎಂಜಿನಿಯರ್ ಪ್ರತಿ ಕೋಣೆಗೂ ಬರೆದುಕೊಟ್ಟ ಸಂಖ್ಯೆಯೇ ಕೊನೆಯ ಮಾತು.

ಗೂಡುಕೋಣೆಗೆ ಆರು ಹೆಜ್ಜೆ, ಅಂದರೆ 4.2 ಮೀಟರ್ ಉದ್ದ, 2 ಮೀಟರ್ ಅಗಲ ಇಟ್ಟುಕೊಂಡರೆ 8.4 ಚದರ ಮೀಟರ್. ಹದಿನೈದು ಪ್ರೇಕ್ಷಕರೂ ಒಬ್ಬ ನಟನೂ ಹಿಡಿಸುತ್ತಾರೆ, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುತ್ತದೆ. ಅದೇ ಬೇಕಾದದ್ದು. ಬೇರೆ ಪಾತ್ರಗಳು ಹೊಸ್ತಿಲ ಆಚೆ ನಿಂತೇ ಆಡಲಿ. ಬಾಗಿಲನ್ನು ಕೀಲಿನಿಂದ ಕಳಚಿ ತೆಗೆದಿಡಿ, ಪಕ್ಕದಲ್ಲಿ ಒಬ್ಬ ಕಾವಲುಗಾರ ಸದಾ ಇರಲಿ, ಉಸಿರುಕಟ್ಟಿದವರು ಕೈಯೆತ್ತಿದರೆ ಸಾಕು ಹೊರಗೆ ಬಿಡುವ ಏರ್ಪಾಡಿರಲಿ. ಹಳದಿ ಕಾಗದ ಅಂಟಿಸಿದ ಗೋಡೆಗೆ ಜನ ಒರಗುತ್ತಾರೆ. ಮೈದಾ ಅಂಟು ಒಂದೇ ವಾರಕ್ಕೆ ಬಿಡುತ್ತದೆ, ಪ್ಲೈವುಡ್ ಹಲಗೆಗೆ ಅಂಟಿಸಿ ಹಲಗೆಯನ್ನೇ ನಿಲ್ಲಿಸಿ.

ಗಾಲಿಕುರ್ಚಿಯಲ್ಲಿ ಬರುವವರ ದಾರಿಯನ್ನು ಮೊದಲೇ ಹೆಣೆಯಿರಿ. ಕೊಲೆಯ ದೃಶ್ಯಕ್ಕೆ ಅವರನ್ನು ನೆಲ ಅಂತಸ್ತಿನ ಕಾವಲುಗಾರನ ಕೋಣೆಯಲ್ಲಿ ಕೂರಿಸಿ. ರಾಸ್ಕೋಲ್ನಿಕೋವ್ ಕೊಡಲಿ ಎತ್ತಿಕೊಳ್ಳುವುದು ಅಂಥದೇ ಕೋಣೆಯ ಬೆಂಚಿನ ಕೆಳಗಿನಿಂದ. ಉಳಿದ ಪ್ರೇಕ್ಷಕರಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಸಂಜೆಯ ವೇಳಾಪಟ್ಟಿ

ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಹಾಗೆ ಹೇಳುತ್ತದೆ. ಹಾಗಾಗಿ ಲೆಕ್ಕ 9.45ರಿಂದ ಹಿಂದಕ್ಕೆ ಬರಬೇಕು.

7.00 – ಕಮಾನುಬಾಗಿಲು, ಅಡವಿನ ಚೀಟಿ
7.15 – ಹೆಂಡದಂಗಡಿ, ಎಲ್ಲರೂ (15 ನಿಮಿಷ)
7.30 – 730 ಹೆಜ್ಜೆ (8)
7.38 – ಮೆಟ್ಟಿಲು (10)
7.48 – ಮೂರು ಕೋಣೆಗಳ ಸುತ್ತು (45)
8.33 – ತಿಥಿಯೂಟ, ಎಲ್ಲರೂ (25), ಐದು ನಿಮಿಷ ಬಿಡುವು
9.03 – ತಪ್ಪೊಪ್ಪಿಗೆ, ಎರಡು ಕೋಣೆಗಳಲ್ಲಿ (20)
9.23 – ಬೀದಿಹಾಡು, ಅಂಗಳದಲ್ಲಿ (12)
9.35 – ಸೆನ್ನಾಯಾ ಚೌಕ, ಪೊಲೀಸ್ ಕಚೇರಿಯ ಬಾಗಿಲು (10)

*ಅಡವಿನ ಚೀಟಿ.* ಟಿಕೆಟ್ಟೇ ಅಡವಿನ ಚೀಟಿ, ಅದರ ಬಣ್ಣವೇ ಗುಂಪಿನ ಗುರುತು. ಪ್ರೇಕ್ಷಕರು ಅಡವಿಡುವುದು ಮೊಬೈಲನ್ನು. ಆದರೆ ಕಸಿದು ಇಟ್ಟುಕೊಳ್ಳಬೇಡಿ. ಒತ್ತುಗುಂಡಿಯ ಬಟ್ಟೆಚೀಲಕ್ಕೆ ಹಾಕಿ, ಮೊಹರು ಅಂಟಿಸಿ ಅವರ ಕೈಗೇ ಕೊಡಿ, ತುರ್ತಾದರೆ ಹರಿದುಕೊಳ್ಳಲಿ. ಫೋನುಗಳನ್ನು ಕೌಂಟರಿನಲ್ಲಿ ಇಟ್ಟುಕೊಂಡರೆ ಕೊನೆಯಲ್ಲಿ 45 ಜನ ಸಾಲುಗಟ್ಟುತ್ತಾರೆ, ನಾಟಕದ ಕಾವೆಲ್ಲ ಆ ಸಾಲಿನಲ್ಲಿ ಆರಿಹೋಗುತ್ತದೆ.

*730 ಹೆಜ್ಜೆ.* ಒಂದು ಹೆಜ್ಜೆಗೆ 70 ಸೆಂಟಿಮೀಟರಿನಂತೆ 511 ಮೀಟರ್. 30 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳಕ್ಕೆ ಐದು ಸುತ್ತು. ನಿಮಿಷಕ್ಕೆ 100 ಮಾತ್ರೆಯ ನಡೆಯ ಹಾಡಾದರೆ 7 ನಿಮಿಷ 18 ಸೆಕೆಂಡು. ಮಬ್ಬಿನಲ್ಲಿ ಗುಂಪು 90ರ ಮೇಲೆ ನಡೆಯುವುದಿಲ್ಲ, ಆಗ 8 ನಿಮಿಷ ದಾಟುತ್ತದೆ. ಹಾಡನ್ನು 90ಕ್ಕೇ ಕಟ್ಟಿ, ಕೊನೆಯ ಸುತ್ತಿನಲ್ಲಿ ಎಷ್ಟು ಸಲ ಬೇಕಾದರೂ ತಿರುಗಿಸಬಹುದಾದ ನಾಲ್ಕು ಆವರ್ತಗಳ ತುಂಡೊಂದನ್ನು ಇಟ್ಟುಕೊಳ್ಳಿ. ಹಿಂದುಳಿದ ಕೊನೆಯವರು ಮೆಟ್ಟಿಲ ಬಳಿ ಬರುವವರೆಗೆ ಅದೇ ತಿರುಗಲಿ. ಪ್ರತಿ ಸುತ್ತಿನಲ್ಲೂ ಅಂಗಳದ ಕಿಟಕಿಗಳಲ್ಲಿ ಒಂದೊಂದೇ ಬದಲಾವಣೆ ಕಾಣಬೇಕು. ಇಲ್ಲದಿದ್ದರೆ ಮೂರನೆಯ ಸುತ್ತಿಗೆ ಜನ ಪಕ್ಕದವರೊಡನೆ ಮಾತಿಗಿಳಿಯುತ್ತಾರೆ.

*ಮೆಟ್ಟಿಲು.* ಕೊಲೆಯನ್ನು ತೋರಿಸಬೇಡಿ, ಕೇಳಿಸಿ. ಹದಿನೈದು ಹದಿನೈದು ಜನ ಮೂರು ಅಂತಸ್ತುಗಳ ಪಡಸಾಲೆಯಲ್ಲಿ ನಿಲ್ಲಲಿ. ಮೆಟ್ಟಿಲ ಮೇಲೆ ಯಾರೂ ನಿಲ್ಲಬಾರದು, ನಟರು ಅಲ್ಲೇ ಓಡುತ್ತಾರೆ. ಮೇಲೆ ತಗಡಿನ ಗಂಟೆ, ಚಿಲಕದ ಕೊಂಡಿಯ ಕುಣಿತ, ಆಮೇಲೆ ನಿಶ್ಶಬ್ದ. ಮುದುಕಿಯನ್ನು ಕಾಣಲು ಬರುವ ಕೋಚ್ ಮತ್ತು ಪೆಸ್ತ್ರ್ಯಕೋವ್ ಮೆಟ್ಟಿಲು ಹತ್ತುತ್ತ ಹಾಡಿಕೊಂಡು ಬರಲಿ, ಬಣ್ಣ ಬಳಿಯುವ ಹುಡುಗರು ಕಿರುಚುತ್ತ ಇಳಿದು ಓಡಲಿ. ಖಾಲಿ ಮನೆಯ ಬಾಗಿಲ ಹಿಂದೆ ರಾಸ್ಕೋಲ್ನಿಕೋವ್ ಅವಿತದ್ದು ಎರಡನೆಯ ಅಂತಸ್ತಿನ ಗುಂಪಿಗೆ ಮಾತ್ರ ಕಾಣಿಸಲಿ. ಸಿಮೆಂಟಿನ ಮೆಟ್ಟಿಲ ಬಾವಿಯಲ್ಲಿ ಮಾರ್ದನಿ ಎರಡು ಸೆಕೆಂಡಿಗೂ ಮೀರುವುದುಂಟು. ಇಲ್ಲಿ ಸಾಹಿತ್ಯ ತುಂಬಿದರೆ ಒಂದಕ್ಷರವೂ ತಿಳಿಯುವುದಿಲ್ಲ. ಉದ್ದ ಸ್ವರ, ಚಿಕ್ಕ ಪದ, ನಡುನಡುವೆ ಬಿಡುವು. ಕೊಡಲಿ ರಬ್ಬರಿನದು, ಕೋಟಿನ ಒಳಗೆ ಹೊಲಿದ ಕುಣಿಕೆಯಲ್ಲಿ ನೇತಾಡಲಿ. ಮರದ ಹಿಡಿಯೂ ಬೇಡ, ಓಡುವಾಗ ಯಾರದಾದರೂ ಮುಖಕ್ಕೆ ಬಡಿಯುತ್ತದೆ.

*ಮೂರು ಕೋಣೆ.* ಗೂಡುಕೋಣೆಯ ಜ್ವರ, ಪೊಲೀಸ್ ಕಚೇರಿ, ಮಾರ್ಮೆಲಾದೊವ್‌ನ ಮನೆ. ಒಂದೊಂದಕ್ಕೆ 12 ನಿಮಿಷ, ಸರಿಯಲು 3. ಎಡವುವುದು ಇಲ್ಲೇ: ರಾಸ್ಕೋಲ್ನಿಕೋವ್ ಏಕಕಾಲಕ್ಕೆ ಮೂರು ಕಡೆ ಇರಲಾರ. ಅವನನ್ನು ಗೂಡಿನಲ್ಲೇ ಬಿಡಿ. ಪೊಲೀಸ್ ಕಚೇರಿಯನ್ನು ಅಲ್ಲಿನ ಗುಮಾಸ್ತ ಜಮ್ಯೋತೊವ್ ಮತ್ತು ಬಣ್ಣದ ಹುಡುಗ ಮಿಕೋಲ್ಕಾ ನಡೆಸಲಿ. ಮಾರ್ಮೆಲಾದೊವ್‌ನ ಮನೆಯಲ್ಲಿ ಕತೆರೀನಾ, ಮಕ್ಕಳು, ಸೋನ್ಯಾ. ಎರಡನೆಯ ಅಪಾಯ, ಗುಂಪುಗಳು ಬೇರೆ ಬೇರೆ ಅನುಕ್ರಮದಲ್ಲಿ ನೋಡುವುದರಿಂದ ಒಂದು ಕೋಣೆಯ ಮಾತು ಇನ್ನೊಂದರ ಗುಟ್ಟು ಬಿಚ್ಚುವುದು. ಮೂರೂ ಒಂದೇ ಗಳಿಗೆಯಲ್ಲಿ ನಡೆಯುತ್ತಿವೆ ಎಂಬಂತೆ ಬರೆಯಿರಿ. ಆರನೆಯ ನಿಮಿಷಕ್ಕೆ ಅಂಗಳದಲ್ಲಿ ಚರ್ಚಿನ ಗಂಟೆ ಬಾರಿಸಿದಾಗ ಮೂರು ಕೋಣೆಗಳವರೂ ತಲೆಯೆತ್ತಲಿ. ಪ್ರೇಕ್ಷಕರು ಎರಡನೆಯ ಕೋಣೆಯಲ್ಲಿ ಅದೇ ಗಂಟೆ ಕೇಳಿದಾಗ ಕಟ್ಟಡದ ಲೆಕ್ಕ ಅವರಿಗೆ ತಾನೇ ಹೊಳೆಯುತ್ತದೆ. ಇಲ್ಲಿನ ನಟರು ಒಂದೇ ಹಾಡನ್ನು ಮೂರು ಸಲ ಹಾಡುತ್ತಾರೆ, ಆದ್ದರಿಂದ ಎತ್ತರದ ಸ್ಥಾಯಿಯ ಹಾಡುಗಳನ್ನು ಈ ಸುತ್ತಿನಲ್ಲಿ ಇಡಬಾರದು.

*ತಿಥಿಯೂಟ.* ಉದ್ದ ಮೇಜು, ಪ್ರೇಕ್ಷಕರೇ ಅತಿಥಿಗಳು. ಕುಟ್ಯಾ, ಅಂದರೆ ಬೇಯಿಸಿದ ಗೋಧಿಗೆ ಜೇನು, ಒಣದ್ರಾಕ್ಷಿ ಕಲಸಿದ ತಿಥಿಯ ಊಟ, ತೆಳು ದೋಸೆಯಂಥ ಬ್ಲಿನಿ, ಸಮೋವಾರಿನ ಚಹಾ. ಐವತ್ತು ಜನರಿಗೆ ಎರಡೂವರೆ ಕಿಲೋ ಗೋಧಿ ಸಾಕು. ದೂನ್ಯಾಳನ್ನು ಮದುವೆಯಾಗಲು ಬಂದಿದ್ದ ಲೂಝಿನ್ ನೂರು ರೂಬಲ್ಲಿನ ನೋಟನ್ನು ಸೋನ್ಯಾಳ ಜೇಬಿಗೆ ತುರುಕುವುದನ್ನು ಮೇಜಿನ ಒಂದು ತುದಿಯ ಏಳೆಂಟು ಜನರಿಗೆ ಮಾತ್ರ ಕಾಣುವಂತೆ ಜೋಡಿಸಿ. ಅವಳನ್ನು ಕಳ್ಳಿ ಎಂದಾಗ ಆ ತುದಿಯಲ್ಲಿ ಏಳುವ ಚಡಪಡಿಕೆಯನ್ನು ಯಾವ ನಟನೂ ತರಲಾರ. ಕೆಲವರು ಎದ್ದು ‘ನಾನು ನೋಡಿದೆ’ ಎಂದೇಬಿಡುತ್ತಾರೆ. ಲೂಝಿನ್‌ನ ಕೈಚಳಕ ಕಂಡು ಸಾಕ್ಷಿ ಹೇಳುವ ಲೆಬೆಜ್ಯಾತ್ನಿಕೋವ್‌ನ ಪಾತ್ರಧಾರಿ ಅದಕ್ಕೆ ಸಿದ್ಧನಿರಬೇಕು: ಅವರ ಮಾತನ್ನು ಕೈಹಿಡಿದು ಸ್ವಾಗತಿಸಿ, ತನ್ನ ಸಾಕ್ಷ್ಯದ ಹಾಡಿಗೆ ಅಲ್ಲಿಂದಲೇ ಹಾರಬೇಕು.

*ತಪ್ಪೊಪ್ಪಿಗೆ.* ಇಡೀ ನಾಟಕದ ಕೀಲು ಇದು. ಸೋನ್ಯಾಳ ಗೋಡೆಯ ಆಚೆ, ದೂನ್ಯಾಳ ಹಿಂದೆ ಬಿದ್ದಿರುವ ಸ್ವಿದ್ರಿಗೈಲೋವ್ ಕುರ್ಚಿ ಹಾಕಿಕೊಂಡು ಕದ್ದು ಕೇಳುತ್ತಾನೆ. ಅರ್ಧ ಜನರನ್ನು ಸೋನ್ಯಾಳ ಕೋಣೆಯಲ್ಲಿ ಕೂರಿಸಿ, ಉಳಿದರ್ಧ ಜನ ಅವನ ಜೊತೆ ಕತ್ತಲೆಯಲ್ಲಿ. ನಡುವಿನ ಬಾಗಿಲಿಗೆ 6 ಮಿಲಿಮೀಟರ್ ಪ್ಲೈವುಡ್ ಹಾಕಿದರೆ ಹಾಡು ಕೇಳಿಸುತ್ತದೆ, ಮಾತು ಮಸುಕಾಗುತ್ತದೆ. ಕತ್ತಲಕೋಣೆಯವರಿಗೆ ಅರ್ಧಂಬರ್ಧ ಕೇಳಿದ್ದು ಸಾಲದೆಂದು ಸ್ಪೀಕರ್ ಇಡುವ ಆಸೆಯಾಗುತ್ತದೆ, ಇಡಬೇಡಿ. ಸ್ವಿದ್ರಿಗೈಲೋವ್ ಪಿಸುಮಾತಿನಲ್ಲಿ ಹಾಡಿನ ನಡುವೆ ಸೇರಿಸುವ ನಾಲ್ಕು ಸಾಲು ಸಾಕು. ಎರಡೂ ಕೋಣೆಗಳವರು ಅಂಗಳಕ್ಕೆ ಬಂದಮೇಲೆ ಒಬ್ಬರನ್ನೊಬ್ಬರು ನೋಡುವ ರೀತಿಯೇ ಬೇರೆ.

ಸಂಗೀತ

ಕಾದಂಬರಿಯೊಳಗೇ ಬೇಕಾದಷ್ಟು ಸಂಗೀತವಿದೆ. ಹೆಂಡದಂಗಡಿಯ ಬಾಗಿಲಲ್ಲಿ ಬೀದಿ ಆರ್ಗನ್ನಿಗೆ ಏಳು ವರ್ಷದ ಮಗು ಹಾಡುತ್ತದೆ. ಚಳಿಯ, ತೇವದ ಶರತ್ಕಾಲದ ಸಂಜೆ ಬೀದಿ ಆರ್ಗನ್ನಿನ ಹಾಡು ಕೇಳುವುದು ತನಗಿಷ್ಟ ಎಂದು ರಾಸ್ಕೋಲ್ನಿಕೋವ್ ದಾರಿಹೋಕನಿಗೆ ಹೇಳುತ್ತಾನೆ. ಕತೆರೀನಾ ಬಾಣಲೆ ಬಡಿಯುತ್ತ ಮಕ್ಕಳಿಂದ ಫ್ರೆಂಚ್ ಹಾಡು ಹಾಡಿಸುತ್ತಾಳೆ. ಸತ್ತವನ ಮನೆಯಲ್ಲಿ ಪನಿಖಿದಾ, ಅಂದರೆ ಸತ್ತವರಿಗಾಗಿ ಮಾಡುವ ಪ್ರಾರ್ಥನೆ. ಪಾತ್ರಗಳು ತಮ್ಮ ಒಳಮನಸ್ಸನ್ನು ಹಾಡಿ ವಿವರಿಸುವ ಹಾಡುಗಳನ್ನು ನಾಲ್ಕಕ್ಕೆ ನಿಲ್ಲಿಸಿ. ಉಳಿದದ್ದೆಲ್ಲ ಆ ಲೋಕದಲ್ಲಿ ನಿಜಕ್ಕೂ ಕೇಳಿಸುವ ಸಂಗೀತವಾಗಿರಲಿ.

ಬೀದಿ ಆರ್ಗನ್ನಿಗೆ ನಮ್ಮ ಹಾರ್ಮೋನಿಯಂ ಚೆನ್ನಾಗಿ ಒದಗುತ್ತದೆ. ಎರಡೂ ತಿದಿಯ ಗಾಳಿಯಿಂದ ನುಡಿಯುವ ವಾದ್ಯಗಳೇ. ಒಂದೆರಡು ರೀಡುಗಳನ್ನು ಬೇಕೆಂದೇ ಶ್ರುತಿ ತಪ್ಪಿಸಿದರೆ ಆ ಸವಕಲು ಬೀದಿದನಿ ಬಂದುಬಿಡುತ್ತದೆ. ಅದರ ಜೊತೆ ಎರಡು ಪಿಟೀಲು, ಒಂದು ಚೆಲ್ಲೊ, ಕ್ಲಾರಿನೆಟ್, ದೊಡ್ಡ ಡೋಲು. ಹಾರ್ಮೋನಿಯಮ್ಮಿನ ಶ್ರುತಿ ಅಲುಗದು, ಉಳಿದವರೇ ಅದಕ್ಕೆ ಹೊಂದಿಕೊಳ್ಳಬೇಕು. ಎರಡು ಕೋಣೆಗಳಲ್ಲಿ ಎರಡು ಹಾರ್ಮೋನಿಯಂ ಇದ್ದರೆ ಒಬ್ಬನೇ ಕುಶಲಿಗನ ಕೈಯಲ್ಲಿ ಎರಡನ್ನೂ ಒಟ್ಟಿಗೆ ಶ್ರುತಿ ಮಾಡಿಸಿ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಗೋಡೆಯಾಚೆಯಿಂದ ಬಂದು ಸೇರುವ ಸ್ವರ ಗುಂಯ್‌ಗುಡುತ್ತದೆ. ಪನಿಖಿದಾಕ್ಕೆ ಯಾವ ವಾದ್ಯವೂ ಬೇಡ. ಆರ್ಥೊಡಾಕ್ಸ್ ಚರ್ಚಿನಲ್ಲಿ ಕಂಠ ಮಾತ್ರ. ಅಲ್ಲಿಗೊಂದು ಹಾರ್ಮೋನಿಯಂ ತೂರಿಸಿದರೆ ಭಜನೆಯಾಗುತ್ತದೆ.

ಸದ್ದು ಸೋರುವುದನ್ನು ತಡೆಯಲು ಹಳೆಯ ಕಟ್ಟಡದಲ್ಲಿ ಸಾಧ್ಯವಿಲ್ಲ, ಬಳಸಿಕೊಳ್ಳಬೇಕು. ಸುತ್ತಿನ ಮೂರು ಕೋಣೆಗಳ ಸಂಗೀತವನ್ನು ಒಂದೇ ಶ್ರುತಿ, ಒಂದೇ ನಡೆಯಲ್ಲಿ, ಒಂದರ ಮೇಲೊಂದು ಬಿದ್ದರೂ ಕೆಡದಂತೆ ಕಟ್ಟಿ. ಗೂಡಿನ ಜ್ವರದ ಕನಸಿಗೆ ಕೆಳಗಿನ ಪನಿಖಿದಾ ತೇಲಿ ಬರುವುದು ಆಗ ದೋಷವಾಗದೆ ಗುಣವಾಗುತ್ತದೆ.

ದೂರದ ಲೆಕ್ಕವೂ ಇದೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. ಅಂಗಳದ ಆಚೆ 35 ಮೀಟರ್ ದೂರದ ಕಿಟಕಿಯಲ್ಲಿ ನಿಂತ ಹಾಡುಗಾರನಿಗೆ ಡೋಲು ಒಂದು ಸೆಕೆಂಡಿನ ಹತ್ತನೆಯ ಒಂದಂಶ ತಡವಾಗಿ ಕೇಳುತ್ತದೆ. ಅವನ ದನಿ ಮರಳುವಾಗ ಅಷ್ಟೇ ಇನ್ನೊಮ್ಮೆ. ಕಿವಿ ನಂಬಿ ಹಾಡಿದರೆ ಮೇಳ ಎಳೆಯುತ್ತ ಹೋಗುತ್ತದೆ. ದೂರದವರು ವಾದ್ಯನಿರ್ದೇಶಕನ ಕೈಯನ್ನು ಪುಟ್ಟ ಪರದೆಯಲ್ಲಿ ನೋಡಿ ಹಾಡಬೇಕು. ಅದಕ್ಕೆ ಹಳೆಯ ಅನಲಾಗ್ ಕ್ಯಾಮೆರಾ ಮತ್ತು ಕೊಆಕ್ಸಿಯಲ್ ತಂತಿಯೇ ಸರಿ. ಇಂಟರ್ನೆಟ್ ಮಾದರಿಯ ಸಿಸಿಟಿವಿ ಚಿತ್ರ ಸ್ವತಃ ತಡವಾಗಿ ಬರುವುದರಿಂದ ರೋಗಕ್ಕಿಂತ ಮದ್ದೇ ಕೇಡು. ಕೋಣೆಗಳೊಳಗೆ ಮೈಕ್ ಬೇಡವೇ ಬೇಡ. ಎರಡು ಮೀಟರ್ ದೂರದಲ್ಲಿ ನಿಂತವನ ದನಿ ಮೂಲೆಯ ಸ್ಪೀಕರಿನಿಂದ ಬಂದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ.

ಹಾಡಿನ ಸಾಹಿತ್ಯದಲ್ಲಿ ಒಬ್ಬರಿಗೆ ಒಂದೇ ಹೆಸರು. ರೊದಿಯೋನ್ ರೊಮಾನೊವಿಚ್, ರೋದ್ಯಾ, ರಾಸ್ಕೋಲ್ನಿಕೋವ್ ಮೂರೂ ಒಬ್ಬನೇ ಎಂಬುದನ್ನು ಓದುಗ ಹಾಳೆ ತಿರುವಿ ನೋಡಿಯಾನು. ಮೆಟ್ಟಿಲ ಮೇಲೆ ನಿಂತವನು ನೋಡಲಾರ. ‘ರೋದ್ಯಾ’ ತಾಯಿಯ ಪತ್ರಕ್ಕೆ ಮಾತ್ರ ಮೀಸಲಿರಲಿ. ಮೂಲಕೃತಿಗೆ ಹಕ್ಕಿನ ತೊಡಕಿಲ್ಲ, ಲೇಖಕ ತೀರಿಕೊಂಡದ್ದು 1881ರಲ್ಲಿ. ಅನುವಾದಗಳದ್ದು ಬೇರೆ ಮಾತು: ಭಾರತದಲ್ಲಿ ಅನುವಾದಕರ ಮರಣಾನಂತರ 60 ವರ್ಷ ಹಕ್ಕು ಉಳಿಯುತ್ತದೆ. ಕಾನ್‌ಸ್ಟನ್ಸ್ ಗಾರ್ನೆಟ್‌ರ (ಮರಣ 1946) ಇಂಗ್ಲಿಷ್ ಅನುವಾದ ಮುಕ್ತ. ಕನ್ನಡದ ಅನುವಾದ ಬಳಸುವುದಾದರೆ ಲಿಖಿತ ಒಪ್ಪಿಗೆ ಪಡೆಯಿರಿ.

ಬೆಳಕು, ಸೆಕೆ, ವಾಸನೆ

ಕಥೆ ನಡೆಯುವುದು ಜುಲೈಯಲ್ಲಿ, ಪೀಟರ್ಸ್‌ಬರ್ಗ್‌ನಲ್ಲಿ ಆಗ ರಾತ್ರಿಯಾದರೂ ಬೆಳಕು ಆರುವುದಿಲ್ಲ. ನಮ್ಮಲ್ಲಿ ಏಳಕ್ಕೇ ಕತ್ತಲು. ದೀಪಗಳನ್ನು ಕೋಣೆಯ ಹೊರಗೆ, ಕಿಟಕಿಯ ಆಚೆ, ತಗ್ಗಿನ ಕೋನದಲ್ಲಿ ಕಟ್ಟಿ, ಹಳದಿ-ಕೇಸರಿ ಜೆಲ್ (ದೀಪದ ಮುಂದಿಡುವ ಬಣ್ಣದ ಹಾಳೆ) ಹಾಕಿ. ತಿಥಿಯೂಟದವರೆಗೂ ಅದೇ ಮುಳುಗದ ಸಂಜೆ ಇರಲಿ. ಜುಲೈಯ ಕಥೆಯೆಂದು ಜುಲೈಯಲ್ಲೇ ಆಡಿದರೆ ಅಂಗಳ ಮಳೆಯ ಪಾಲು. ಡಿಸೆಂಬರಿನಿಂದ ಫೆಬ್ರುವರಿ ಸರಿಯಾದ ಕಾಲ. ಸೆಕೆಗೆ ಕಷ್ಟಪಡಬೇಕಿಲ್ಲ, ಹದಿನೈದು ಜನರ ಮೈಕಾವೇ ಗೂಡನ್ನು ಬಿಸಿಮಾಡುತ್ತದೆ. ಎರಡು ಗುಂಪುಗಳ ನಡುವಿನ ಮೂರು ನಿಮಿಷ ಕಿಟಕಿ ತೆರೆದು ಫ್ಯಾನ್ ಹಾಕಲೇಬೇಕು, ಇಲ್ಲದಿದ್ದರೆ ಮೂರನೆಯ ಗುಂಪಿನಲ್ಲಿ ಒಬ್ಬರಾದರೂ ತಲೆಸುತ್ತಿ ಕೂರುತ್ತಾರೆ. ಪೊಲೀಸ್ ಕಚೇರಿಯ ಹಸಿಬಣ್ಣದ ವಾಸನೆಗೆ ಅಗಸೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸಾಕು, ಥಿನ್ನರ್ ಬೇಡ. ಆ ಬಟ್ಟೆಯನ್ನು ಮುದುರಿ ಎಸೆದರೆ ತಾನೇ ಹೊತ್ತಿಕೊಳ್ಳಬಲ್ಲದು. ಪ್ರದರ್ಶನ ಮುಗಿದೊಡನೆ ಮುಚ್ಚಳದ ತಗಡಿನ ಡಬ್ಬಿಯಲ್ಲಿ ನೀರಿನೊಳಗೆ ಮುಳುಗಿಸಿಡಿ. ಮೇಣದ ಬತ್ತಿಗಳೆಲ್ಲ ಎಲ್‌ಇಡಿ, ಒಂದನ್ನೂ ಬಿಡದೆ.

ತಾಲೀಮು

ಎಂಟು ವಾರ ಬೇಕು. ಮೊದಲೆರಡು ವಾರ ಹಾಡು ಮಾತ್ರ, ಬೇರೆಡೆ. ಮೂರನೆಯ ವಾರ ಕಟ್ಟಡದಲ್ಲಿ ಹಾಡಿಲ್ಲದೆ ಬರೀ ನಡಿಗೆ: ಯಾರು ಯಾವ ಬಾಗಿಲಿನಿಂದ, ಎಷ್ಟು ಸೆಕೆಂಡಿನಲ್ಲಿ. ಆಮೇಲೆ ಎರಡನ್ನೂ ಕೂಡಿಸಿ. ಕೊನೆಯ ಎರಡು ವಾರ ಬಾಡಿಗೆ ಪ್ರೇಕ್ಷಕರಿಲ್ಲದೆ ಒಂದು ತಾಲೀಮೂ ಬೇಡ. ಮೊದಲು 20, ಆಮೇಲೆ 30, ಕಡೆಗೆ 45 ಜನ. ಅವರಲ್ಲಿ ವಯಸ್ಸಾದವರು, ಸೀರೆಯುಟ್ಟವರು, ಮಾತು ಕೇಳದ ಕಾಲೇಜು ಹುಡುಗರು ಇರಲಿ. 90 ಸೆಂಟಿಮೀಟರ್ ಬಾಗಿಲಲ್ಲಿ 15 ನಟರು 20 ಸೆಕೆಂಡಿಗೆ ದಾಟುತ್ತಾರೆ; ಅಷ್ಟೇ ಪ್ರೇಕ್ಷಕರು ಚಪ್ಪಲಿ ನೋಡಿಕೊಂಡು, ಒಬ್ಬರಿಗೊಬ್ಬರು ದಾರಿಬಿಟ್ಟು ದಾಟಲು ಅದರ ಎರಡರಷ್ಟು ಹಿಡಿಯುತ್ತದೆ. ವೇಳಾಪಟ್ಟಿ ಹಳಿ ತಪ್ಪುವುದು ಹಾಡುಗಳಿಂದಲ್ಲ, ಇಂಥ ಬಾಗಿಲುಗಳಿಂದ.

ದಾರಿ ತೋರಿಸುವ ಎಂಟೂ ಜನ ದ್ವೋರ್ನಿಕ್‌ಗಳ, ಅಂದರೆ ಮನೆಕಾವಲಿನವರ ವೇಷದಲ್ಲಿರಲಿ: ಬಿಳಿ ಏಪ್ರನ್, ಕಿವಿಯಲ್ಲಿ ವಾಕಿಟಾಕಿ, ಜೇಬಿನಲ್ಲಿ ಟಾರ್ಚು. ತುರ್ತಿನ ಸಂಕೇತಪದವನ್ನು ನಾಟಕದಲ್ಲಿ ಎಲ್ಲೂ ಬಾರದ ಪದವಾಗಿ ಆರಿಸಿ. ಅದು ಕಿವಿಗೆ ಬಿದ್ದ ಕ್ಷಣ ಎಲ್ಲ ಕೋಣೆಗಳ ಮಾಮೂಲಿ ದೀಪ ಹೊತ್ತಬೇಕು, ನಟರು ಪಾತ್ರ ಬಿಟ್ಟು ಜನರನ್ನು ಎರಡನೆಯ ಮೆಟ್ಟಿಲಿಗೆ ನಡೆಸಬೇಕು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಎರಡು ಸಲ ಅಣಕು ಮಾಡಿ ಗಡಿಯಾರ ಹಿಡಿದು ನೋಡಿ. ಅಗ್ನಿಶಾಮಕ ದಳ ಮತ್ತು ಪೊಲೀಸ್ ಅನುಮತಿಯ ಅರ್ಜಿಯೊಡನೆ ಈ ನಕ್ಷೆಯನ್ನೂ ಎಂಜಿನಿಯರನ ಪತ್ರವನ್ನೂ ಲಗತ್ತಿಸಿದರೆ ಅಲೆದಾಟ ಕಡಿಮೆಯಾಗುತ್ತದೆ.

ಮುಕ್ತಾಯದಲ್ಲಿ ವಂದನೆ ಹೇಗೆ ಎಂಬುದು ಪ್ರತಿ ತಂಡದಲ್ಲೂ ಜಗಳದ ವಿಷಯ. ರಾಸ್ಕೋಲ್ನಿಕೋವ್ ಅಂಗಳದ ನಡುವೆ ಮಂಡಿಯೂರಿ ನೆಲಕ್ಕೆ ಮುತ್ತಿಟ್ಟು, ಕಚೇರಿಯ ಬಾಗಿಲು ಹೊಕ್ಕ ಮೇಲೆ ಸಾಲಾಗಿ ನಿಂತು ಕೈಮುಗಿಯುವುದು ಎಡವಟ್ಟು. ಏನೂ ಇಲ್ಲದೆ ಬಿಟ್ಟರೆ ಮುಗಿಯಿತೋ ಇಲ್ಲವೋ ತಿಳಿಯದೆ ಜನ ಹತ್ತು ನಿಮಿಷ ನಿಂತೇ ಇರುತ್ತಾರೆ. ಕಮಾನುಬಾಗಿಲನ್ನು ತೆರೆದು, ಹೊರಗಿನ ಬೀದಿದೀಪದ ಕೆಳಗೆ ವಾದ್ಯಮೇಳ ನಡೆಯ ಹಾಡನ್ನು ನುಡಿಸುತ್ತಿರಲಿ, ನಟರು ಅಲ್ಲಿ ಎರಡು ಬದಿಗೆ ನಿಂತಿರಲಿ. ಪ್ರೇಕ್ಷಕರು ಅವರ ನಡುವೆ ಚಪ್ಪಾಳೆ ತಟ್ಟುತ್ತ ಹಾದು ಹೋಗುತ್ತಾರೆ, ಚೀಲದ ಮೊಹರನ್ನು ಅಲ್ಲೇ ಹರಿದುಕೊಳ್ಳುತ್ತಾರೆ, ಕಟ್ಟಡ 9.55ಕ್ಕೆ ಖಾಲಿಯಾಗುತ್ತದೆ.